ನಾಲ್ಕು ನಿಮಿಷದ ವೆತುರಿಯಾ

ವೆತುರಿಯಾ ಹಂಗಾನು ರೈಲ್ವೆ ಕೆಲಸದಿಂದ ನಿವೃತ್ತಳಾಗಿ ಹದಿನಾರು ವರ್ಷವಾಯಿತು. ಈಗ ಸಿರೆತ್ ನದಿಯಾಚೆ ತಂಗಿಯ ಮನೆಯಲ್ಲಿ ಟೊಮೆಟೊ ಬೆಳೆಸಿಕೊಂಡು, ಮೊಲ ಸಾಕಿಕೊಂಡು ಇದ್ದಾಳೆ. ವರ್ಷಕ್ಕೊಮ್ಮೆ ನಮ್ಮ ಸಾಲ್ಚೆನಿಗೆ ಬರುತ್ತಾಳೆ. ಬಂದರೆ ಊರ ಹೆಂಗಸರು ನಾನು ತಾನು ಎಂದು ಅವಳನ್ನು ಊಟಕ್ಕೆ ಎಳೆದುಕೊಂಡು ಹೋಗುತ್ತಾರೆ. ಅವಳು ಮೊಟ್ಟಮೊದಲು ಬಂದ ದಿನ ಮಾತ್ರ ಹೀಗಿರಲಿಲ್ಲ. ಈ ಹೆಂಗಸಿಗೆ ಒಂದು ಲೋಟ ನೀರನ್ನೂ ಕೊಡಬೇಡಿ ಎಂದು ಮನೆಮನೆಗೆ ಹೋಗಿ ಹೇಳಿ ಬಂದವನೊಬ್ಬನಿದ್ದ. ಅವನೇ ನಾನು.

ನನ್ನ ಹೆಸರು ಇಫ್ತಿಮಿ. ಐವತ್ತೆಂಟು ವರ್ಷ ಈ ಊರ ಚರ್ಚಿನಲ್ಲಿ ಹಾಡಿದವನು. ಗಂಟಲು ಈಗ ಹೋಗಿದೆ, ಸಿಟ್ಟು ಹೋಗಿಲ್ಲ. ಕಾಲು ಕೆರೆದು ಜಗಳಕ್ಕೆ ಹೋಗುವ ಸ್ವಭಾವ ನನ್ನದು ಎಂದು ಊರವರು ಹೇಳುತ್ತಾರೆ, ಸುಳ್ಳೇನಲ್ಲ. ಆದರೆ ವೆತುರಿಯಾಳ ವಿಷಯ ಬಂದರೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದು ಯಾಕೆಂದು ಹೇಳಿಬಿಡುತ್ತೇನೆ.

ನಮ್ಮಲ್ಲಿ ಸತ್ತವರನ್ನು ಸೀದಾ ಸ್ಮಶಾನಕ್ಕೆ ಒಯ್ಯುವುದಿಲ್ಲ. ಎಲ್ಲೆಲ್ಲಿ ಎರಡು ದಾರಿಗಳು ಕೂಡುತ್ತವೋ ಅಲ್ಲೆಲ್ಲ ನಿಲ್ಲಬೇಕು. ಹೆಣದ ಪೆಟ್ಟಿಗೆ ಇಳಿಸಿ, ಮನೆಯಲ್ಲಿ ನೇಯ್ದ ಬಟ್ಟೆಯ ಪಟ್ಟಿಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಒಂದು ನಾಣ್ಯ, ಒಂದು ಮೇಣದಬತ್ತಿ ಇಡಬೇಕು. ಪಾದ್ರಿ ಸುವಾರ್ತೆ ಓದಬೇಕು, ನಾನು ಹಾಡಬೇಕು. ಆ ಪಟ್ಟಿಯೇ ಸತ್ತವರಿಗೆ ಸೇತುವೆ. ನಮ್ಮ ಚರ್ಚು ರೈಲು ಹಳಿಯ ಈಚೆಗಿದೆ, ಸ್ಮಶಾನ ಆಚೆಗಿದೆ. ರೈಲಿನ ದಾರಿಯೂ ದಾರಿಯೇ ಅಲ್ಲವೇ? ಹಾಗೆಂದು ನಮ್ಮ ಅಜ್ಜಂದಿರು ತೀರ್ಮಾನಿಸಿದ್ದರು. ಹೀಗಾಗಿ ಸಾಲ್ಚೆನಿಯಲ್ಲಿ ಸತ್ತವರೆಲ್ಲ ಹಳಿಗಳ ನಟ್ಟನಡುವೆ ಇಳಿದು, ಹಾಡು ಪೂರ್ತಿ ಕೇಳಿಸಿಕೊಂಡೇ ಮುಂದೆ ಹೋಗುತ್ತಾರೆ.

ಪಿಂತಿಲಿ ಗೇಟು ಕಾಯುತ್ತಿದ್ದಷ್ಟು ಕಾಲ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಚರ್ಚಿನ ಗಂಟೆ ಕೇಳಿದ ಕೂಡಲೇ ಅವನು ಸ್ಟೇಷನ್ನಿಗೆ ಫೋನು ತಿರುಗಿಸಿ, "ಇನ್ನೊಬ್ಬರು ಹೊರಟ್ರಪ್ಪ, ಗಾಡಿ ಹಿಡ್ಕೊಳ್ಳಿ" ಎನ್ನುತ್ತಿದ್ದ. ಆಮೇಲೆ ಟೋಪಿ ತೆಗೆದು ಗೇಟಿನ ಪಕ್ಕ ನಿಲ್ಲುತ್ತಿದ್ದ. ಎಪ್ಪತ್ತೆಂಟನೇ ಇಸವಿಯಲ್ಲಿ ಅವನನ್ನು ಮನೆಗೆ ಕಳಿಸಿ ಗೇಟಿಗೆ ತಾನೇ ಏಳುವ, ತಾನೇ ಬೀಳುವ ಕೆಂಪು-ಬಿಳಿ ಕೋಲುಗಳನ್ನು ಹಾಕಿದರು. ಏಳುನೂರು ಮೀಟರು ದೂರದಲ್ಲಿ ಹಳಿಗೊಂದು ಗುರುತು ಜೋಡಿಸಿದ್ದರು. ರೈಲು ಅದನ್ನು ತುಳಿದರೆ ಗಂಟೆ ಬಾರಿಸಿ ಕೋಲು ಇಳಿಯುತ್ತದೆ. ಅದಾಗಿ ಅರ್ಧ ನಿಮಿಷಕ್ಕೆ ರೈಲು ಮೈಮೇಲೆ ಬಂದಿರುತ್ತದೆ. ಅರವತ್ತು ಜನ, ಮಂಡಿಯೂರಿದ ಮುದುಕಿಯರು, ನೆಲದ ಮೇಲೊಂದು ಪೆಟ್ಟಿಗೆ, ಇಷ್ಟನ್ನು ಅರ್ಧ ನಿಮಿಷದಲ್ಲಿ ಎತ್ತಿಕೊಂಡು ಓಡುವುದು ಹೇಗೆ?

ಆ ಕೋಲುಗಳ ಜೊತೆಗೇ, ಅವನ್ನು ನೋಡಿಕೊಳ್ಳುವ ರೈಲ್ವೆ ಮೆಕ್ಯಾನಿಕ್ಕಾಗಿ ವೆತುರಿಯಾ ಬಂದಳು. ಆಗವಳಿಗೆ ಮೂವತ್ತೈದಿರಬಹುದು. ಗಂಡಸರ ಬೂಟು, ಸೈಕಲ್ಲಿಗೆ ನೇತುಹಾಕಿದ ಚರ್ಮದ ಚೀಲ, ಜೇಬಿನ ತುಂಬ ಸೂರ್ಯಕಾಂತಿ ಬೀಜ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಮಗಳು ಯಾಶ್ ಪಟ್ಟಣದಲ್ಲಿ ಅಜ್ಜಿಯ ಹತ್ತಿರ ಓದುತ್ತಿದ್ದಳು. ಗೇಟಿನ ಪಕ್ಕದ ತಗಡಿನ ಪೆಟ್ಟಿಗೆಗೆ ತಲೆ ಹಾಕಿಕೊಂಡು ತಿರುಪು ಬಿಗಿಯುತ್ತಿದ್ದವಳ ಬೆನ್ನ ಹಿಂದೆ ಹೋಗಿ ನಿಂತೆ.

"ಏನಮ್ಮಾ, ನಿನ್ನ ಈ ಡಬ್ಬಿಗೆ ಹೆಣ ಬರ್ತಿದೆ ಅಂತ ಗೊತ್ತಾಗುತ್ತಾ?"

ಅವಳು ತಲೆ ಹೊರಗೆ ತೆಗೆಯಲಿಲ್ಲ. "ಇಲ್ಲ."

"ಜನ ಮಂಡಿಯೂರಿ ಕೂತಿದ್ದಾರೆ ಅಂತ?"

"ಅದೂ ಗೊತ್ತಾಗಲ್ಲ."

"ಮತ್ತೇನು ಮಣ್ಣು ಗೊತ್ತಾಗುತ್ತೆ ಇದಕ್ಕೆ?"

"ರೈಲು ಗುರುತು ತುಳಿದಿದ್ದು ಗೊತ್ತಾಗುತ್ತೆ. ತುಳಿದು ಎಷ್ಟು ಹೊತ್ತಾಯ್ತು ಅಂತ ಗೊತ್ತಾಗುತ್ತೆ. ಅಷ್ಟೇ ಅಣ್ಣಾ." ಆಮೇಲೆ ತಲೆ ಹೊರಗೆ ತೆಗೆದು, ತೀರಾ ಸಹಜವಾಗಿ ಕೇಳಿದಳು: "ನಿಮ್ಮೂರಲ್ಲಿ ಮುಂದಿನ ಸಾವು ಯಾವಾಗ?"

ನನಗೆ ಪಿತ್ತ ನೆತ್ತಿಗೇರಿತು. "ಥೂ! ಕೇಳೋ ಮಾತಾ ಇದು?"

"ಬೈಬೇಡಿ. ಅಳತೆ ಮಾಡ್ಬೇಕಿತ್ತು, ಅದಕ್ಕೆ ಕೇಳ್ದೆ."

ನೀರು ಕೊಡಬೇಡಿ ಎಂದು ನಾನು ಊರು ಸುತ್ತಿದ್ದು ಆವತ್ತೇ. ಎರಡು ವಾರಕ್ಕೆ ಒಬ್ಬ ಮುದುಕ ತೀರಿಕೊಂಡ. ಸ್ಟೇಷನ್ನಿನವರು ದೊಡ್ಡ ಮನಸ್ಸು ಮಾಡಿ ಅದೊಂದು ಸಲ ಗಾಡಿ ಹಿಡಿದರು. ಮೆರವಣಿಗೆಯ ಕೊನೆಯಲ್ಲಿ ವೆತುರಿಯಾ ಕಪ್ಪು ತಲೆವಸ್ತ್ರ ಕಟ್ಟಿಕೊಂಡು ನಡೆಯುತ್ತಿದ್ದಳು. ಮುಷ್ಟಿಯೊಳಗೆ ಓಟದ ಪಂದ್ಯದಲ್ಲಿ ಹಿಡಿಯುವಂಥ ಗಡಿಯಾರವಿತ್ತು. ಎಲ್ಲ ಮುಗಿದ ಮೇಲೆ ಎಲ್ಲರ ಎದುರಿಗೇ ನನ್ನ ಹತ್ತಿರ ಬಂದಳು.

"ಹಳಿ ಮೇಲೆ ಒಟ್ಟು ಒಂಬತ್ತು ನಿಮಿಷ ಇಪ್ಪತ್ತು ಸೆಕೆಂಡು. ಅದ್ರಲ್ಲಿ ನಿಮ್ಮ ಹಾಡೇ ಅರ್ಧ. ಕೊನೇ ಪದ ಒಂದನ್ನೇ ನಲವತ್ತು ಸೆಕೆಂಡು ಎಳೆದ್ರಿ. ಸ್ವಲ್ಪ ಗಿಡ್ಡ ಮಾಡೋಕಾಗಲ್ವಾ?"

ಜನ ನಕ್ಕರು. ನನ್ನ ಹೆಂಡತಿ ಅಗ್ಲಾಯಾ ಎಲ್ಲರಿಗಿಂತ ಜೋರಾಗಿ ನಕ್ಕಳು. "ಇಪ್ಪತ್ನಾಲ್ಕು ವರ್ಷದಿಂದ ನಾನೂ ಅದೇ ಬಡ್ಕೋತಿದ್ದೀನಿ ಕಣಮ್ಮಾ. ಬಾ, ಊಟಕ್ಕೆ ಬಾ" ಎಂದು ಅವಳ ಕೈ ಹಿಡಿದುಕೊಂಡು ನಮ್ಮ ಮನೆಗೇ ಕರೆದೊಯ್ದಳು. ನಾನು ಹೇರಿದ್ದ ಬಹಿಷ್ಕಾರ ನನ್ನ ಅಡುಗೆಮನೆಯಲ್ಲೇ ಮುರಿದುಬಿತ್ತು. ಎಲೆಕೋಸಿನ ಸುರುಳಿಗಳನ್ನು ಅವಳ ತಟ್ಟೆಗೆ ಬಡಿಸುತ್ತ, "ಇವರು ಬೊಗಳ್ತಾರೆ, ಕಚ್ಚಲ್ಲ" ಎಂದು ನನ್ನ ಕಡೆ ಸೌಟು ತೋರಿಸಿದಳು. ಆ ದಿನದಿಂದ ವೆತುರಿಯಾ ನಮ್ಮೂರಿಗೆ ಬಂದಾಗಲೆಲ್ಲ ಊಟ ನಮ್ಮಲ್ಲೇ.

ಚಳಿಗಾಲ ಕಳೆದ ಮೇಲೆ ಗೇಟಿನ ಕಂಬಕ್ಕೆ ಅವಳು ಇನ್ನೊಂದು ಪೆಟ್ಟಿಗೆ ಜೋಡಿಸಿದಳು. ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡದು. ಮುಂದೆ ಗಾಜು, ಗಾಜಿನ ಹಿಂದೆ ಒಂದು ಸೂಜಿ, ಅದರ ಮೇಲೊಂದು ಬಿಳಿ ದೀಪ, ಕೆಳಗೊಂದು ಕೀಲಿ. ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟಳು.

"ಹೆಣ ಗೇಟಿನ ಹತ್ರ ಬಂದಾಗ ಇದನ್ನ ತಿರುಗಿಸಿ. ದೂರದ ಸಿಗ್ನಲ್ಲುಗಳು ಕೆಂಪಾಗುತ್ತೆ. ಆದ್ರೆ ಆಗ್ಲೇ ದಾಟ್ಬೇಡಿ. ಈ ಸೂಜಿ ಸೊನ್ನೆಯಿಂದ ನಾಲ್ಕಕ್ಕೆ ಹೋಗ್ಬೇಕು. ನಾಲ್ಕು ನಿಮಿಷ. ಬಿಳಿ ದೀಪ ಬಂದ ಮೇಲೆ ನಿಮ್ಮ ಹಾಡು ಎಷ್ಟು ಬೇಕಾದ್ರೂ ಎಳ್ಕೊಳ್ಳಿ."

"ಸಿಗ್ನಲ್ ಕೆಂಪಾಯ್ತಲ್ಲ, ಮತ್ಯಾಕೆ ಕಾಯ್ಬೇಕು?"

ಅವಳು ಹಳಿಯ ಕಡೆ ಕೈ ತೋರಿಸಿದಳು. "ಸಿಗ್ನಲ್ಲು ಇರೋದು ಮೂರು ಕಿಲೋಮೀಟರು ದೂರ. ಗುರುತು ಇರೋದು ಇಲ್ಲೇ ಏಳುನೂರು ಮೀಟರಿಗೆ. ನಡುವೆ ರೈಲು ಇದೆಯೋ ಇಲ್ವೋ ಹೇಳೋಕೆ ಇನ್ನೊಂದು ಗುರುತೂ ಇಲ್ಲ. ಅಲ್ಲಿ ನನ್ನ ಡಬ್ಬಿ ಕುರುಡು. ನೀವು ಕೀಲಿ ತಿರುಗ್ಸೋಕೆ ಒಂದು ಉಸಿರು ಮುಂಚೆ ಹಸಿರು ನೋಡ್ಕೊಂಡು ಸಿಗ್ನಲ್ ದಾಟಿದ ಡ್ರೈವರ್ ಇದ್ದಾನೆ ಅನ್ಕೊಳ್ಳಿ. ಅವನಿಗೆ ಯಾರು ಹೇಳ್ತಾರೆ?"

"ಯಾರು?"

"ಯಾರೂ ಹೇಳಲ್ಲ. ಅದಕ್ಕೇ ಕಾಯೋದು. ಎಂಥ ಆಮೆ ಗಾಡಿ ಆದ್ರೂ ನಾಲ್ಕು ನಿಮಿಷದೊಳಗೆ ಗುರುತು ತುಳೀಲೇಬೇಕು. ತುಳಿದ್ರೆ ಗಂಟೆ ಹೊಡೆಯುತ್ತೆ, ಕೋಲು ಬೀಳುತ್ತೆ, ಸೂಜಿ ಸೊನ್ನೆಗೆ ಬರುತ್ತೆ. ನಾಲ್ಕು ನಿಮಿಷ ಪೂರ್ತಿ ಯಾರೂ ತುಳೀಲಿಲ್ಲ ಅಂದ್ರೆ ಅಲ್ಲಿ ಯಾರೂ ಇಲ್ಲ ಅಂತ ಅರ್ಥ. ಆಗ ದೀಪ ಬರುತ್ತೆ. ದೀಪ ಬಂದ ಮೇಲೆ ಗಂಟೆ, ಕೋಲು ಎರಡನ್ನೂ ಬಾಯಿ ಮುಚ್ಚಿಸ್ತೀನಿ. ಇಲ್ಲಾಂದ್ರೆ ಕೋಲು ನಿಮ್ಮ ಪಾದ್ರಿ ತಲೆ ಮೇಲೆ ಬಿದ್ದೀತು."

"ಕರೆಂಟು ಹೋದ್ರೆ?"

"ಸೊನ್ನೆಗೆ."

"ಸಿಡಿಲು ಹೊಡೆದ್ರೆ?"

"ಸೊನ್ನೆಗೆ. ತನಗೆ ಅರ್ಥವಾಗದ್ದು ಏನೇ ಆದ್ರೂ ಅದು ಮೊದಲಿಂದ ಎಣಿಸುತ್ತೆ."

ಆಮೇಲೆ, ರೈಲು ತುಳಿದರೆ ಏನಾಗುತ್ತದೆಂದು ತೋರಿಸಲು, ಗುರುತಿನ ತಂತಿ ಪೆಟ್ಟಿಗೆಗೆ ಬಂದು ಸೇರುವ ಕಡೆ ಒಂದು ತುಂಡು ತಂತಿಯನ್ನು ಒಂದೇ ಒಂದು ಕ್ಷಣ ಮುಟ್ಟಿಸಿದಳು. ಮೂರು ನಿಮಿಷಕ್ಕೆ ಬಂದಿದ್ದ ಸೂಜಿ ಪಟ್ಟನೆ ಹಿಂದಕ್ಕೆ ಬಿತ್ತು. ತಂತಿ ತೆಗೆದರೂ ಅದು ಕೂಡಲೇ ಹೊರಡಲಿಲ್ಲ. ಇಪ್ಪತ್ತು ಸೆಕೆಂಡು ಸುಮ್ಮನಿತ್ತು. ಹಳಿ ಖಾಲಿಯಾಯಿತೆಂದು ಯಾರಾದರೂ ಹೇಳಿದ ತಕ್ಷಣ ನಂಬುವುದಿಲ್ಲ ಅದು. ಖಾಲಿಯಾಗಿಯೇ ಇದೆಯೇ ಎಂದು ಸ್ವಲ್ಪ ಹೊತ್ತು ನೋಡುತ್ತದೆ. ಆಮೇಲೆ ಒಳಗೆಲ್ಲೋ ಟಕ್ ಎಂದು ಸದ್ದಾಗಿ ಸೂಜಿ ಹೊರಟಿತು.

ಸುಳ್ಳು ಯಾಕೆ ಹೇಳಲಿ, ನನ್ನ ಮೈ ಜುಂ ಎಂದಿತು. ನಾನು ಚರ್ಚಿನಲ್ಲಿ ಬೆಳೆದವನು, ಬೆರಗು ಎಂದರೆ ಏನೆಂದು ಗೊತ್ತಿದೆ. ಸುರುಳಿ ಸುತ್ತಿದ ತಾಮ್ರದ ತಂತಿಗೆ, ಒಂದು ಪುಟ್ಟ ಮೋಟಾರಿಗೆ ಈ ಹೆಂಗಸು ತಾಳ್ಮೆ ಕಲಿಸಿದ್ದಳು. ನನಗೆ ನಮ್ಮಪ್ಪ ಬೆತ್ತ ಹಿಡಿದರೂ ಕಲಿಸಲಾಗದ್ದು ಅದು. ಕಣ್ಣು ಹೋಗದ ಕಡೆ ಹೊತ್ತನ್ನೇ ಕಣ್ಣು ಮಾಡಿಕೊಂಡು ನೋಡುತ್ತಿತ್ತು ಆ ಡಬ್ಬಿ. ಸತ್ತವರನ್ನು ನಾವು ಮೂರು ದಿನ ಮನೆಯಲ್ಲಿ ಇಟ್ಟುಕೊಳ್ಳುತ್ತೇವಲ್ಲ, ನಿಜವಾಗಿಯೂ ಹೋದರೇ ಎಂದು ಕಾಯುತ್ತೇವಲ್ಲ, ಅದೇ ನೆನಪಾಯಿತು. ಆದರೆ ಬಾಯಲ್ಲಿ ಮಾತ್ರ, "ನಾಲ್ಕು ನಿಮಿಷ ಜಾಸ್ತಿ ಆಯ್ತು" ಎಂದೆ.

ಆಗಿನ ಸರ್ಕಾರದ ಕಾಗದಗಳಲ್ಲಿ ಶವಯಾತ್ರೆ ಎಂಬ ಮಾತು ಬರುವಂತಿರಲಿಲ್ಲ. ಹಾಗಾಗಿ ವೆತುರಿಯಾ ನಕ್ಷೆಯ ಮೇಲೆ 'ಜಾನುವಾರು ಹಿಂಡು ದಾಟಿಸುವ ಕೀಲಿ' ಎಂದು ಬರೆದು ತನ್ನ ಸಹಿ ಹಾಕಿದ್ದಳು. ಮೇಲಿನವರೂ ಕಣ್ಣು ಮುಚ್ಚಿ ಒಪ್ಪಿದ್ದರು. ಏನಾದರೂ ಹೆಚ್ಚುಕಡಿಮೆಯಾದರೆ ಹೋಗುವುದು ಅವಳ ಕೆಲಸ. ಮೂರು ವರ್ಷ ಏನೂ ಆಗಲಿಲ್ಲ. ಆಮೇಲೆ ಅದನ್ನು ಕೆಡಿಸಿದವನೂ ನಾನೇ.

ನಮ್ಮ ಪಿಂತಿಲಿ ತೀರಿಕೊಂಡ. ಮೂವತ್ತು ವರ್ಷ ಗೇಟು ಕಾದವನು. ಅವನಿಗೆ ಹಳಿಯ ಮೇಲೆ ನಾನು ಎಂದೂ ಹಾಡದ ಹಾಗೆ ಹಾಡಿದೆ. ದಾಟಿ, ಹೂಳಿ, ಎಲ್ಲರೂ ಸತ್ತವರ ಹೆಸರಿನ ಊಟಕ್ಕೆ ಕೂತೆವು. ಸಿಹಿ ಗೋಧಿ ಹಂಚಿದರು, ಪ್ಲಮ್ ಹಣ್ಣಿನ ಸಾರಾಯಿ ಸುತ್ತು ಬಂತು. ಎರಡನೇ ಸುತ್ತೋ ಮೂರನೇ ಸುತ್ತೋ ನಡೆಯುತ್ತಿದ್ದಾಗ ಅಂಗಳಕ್ಕೆ ಗುರುತಿಲ್ಲದ ಜನ ಬರತೊಡಗಿದರು. ಸೂಟ್‌ಕೇಸು ಹಿಡಿದವರು, ಮಗು ಎತ್ತಿಕೊಂಡವರು, ಒಬ್ಬ ಸೈನಿಕ. ನಮ್ಮಲ್ಲಿ ಆ ಊಟಕ್ಕೆ ಬಂದವರನ್ನು ಯಾರು ಎಂದು ಕೇಳುವ ಪದ್ಧತಿಯಿಲ್ಲ. ಅಗ್ಲಾಯಾ ಎಲ್ಲರಿಗೂ ಬಡಿಸಿದಳು. ಕೊನೆಗೆ ಎಣ್ಣೆ ಮೆತ್ತಿದ ಬಟ್ಟೆಯಲ್ಲಿ ರೈಲಿನ ಡ್ರೈವರನೇ ಬಂದ.

"ಇಲ್ಲಿ ಹಾಡೋರು ಯಾರ್ರೀ?"

"ನಾನೇ. ಕೂತ್ಕೊಳ್ಳಿ, ತಗೊಳ್ಳಿ."

"ಕೂತ್ಕೊಳ್ಳೋದಿರ್ಲಿ ಸ್ವಾಮಿ, ಕೀಲಿ ವಾಪಸು ತಿರುಗಿಸಿ ಬಂದ್ರಾ? ನನ್ನ ಗಾಡಿ ಒಂದು ಗಂಟೆ ಹತ್ತು ನಿಮಿಷದಿಂದ ಕೆಂಪು ನೋಡ್ಕೊಂಡು ನಿಂತಿದೆ."

ದಾಟಿದ ಮೇಲೆ ಕೀಲಿಯನ್ನು ವಾಪಸು ತಿರುಗಿಸಿದರೆ ಮಾತ್ರ ದೂರದ ಸಿಗ್ನಲ್ಲು ಮತ್ತೆ ಹಸಿರಾಗುತ್ತಿತ್ತು. ನಾನು ಅದನ್ನೇ ಮರೆತಿದ್ದೆ. ಓಡಿ ಹೋಗಿ ತಿರುಗಿಸಿದೆ. ಡ್ರೈವರು ಎರಡು ಸುರುಳಿ ತಿಂದೇ ಹೊರಟ.

ಪ್ರಾಂತ್ಯದ ಕಚೇರಿಯಿಂದ ವೆತುರಿಯಾಳಿಗೆ ಕಾಗದ ಬಂತು. ಹಳಿ ದಾಟಲು ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಂಡ ಜಾನುವಾರು ಹಿಂಡು ಯಾವುದು ಎಂದು ಕೇಳಿದ್ದರು. ಅವಳು ನನ್ನ ಹೆಸರು ಹೇಳಲಿಲ್ಲ. ಕೀಲಿ ಮರೆತರೆ ಹದಿನೈದು ನಿಮಿಷಕ್ಕೆ ಸ್ಮಶಾನದವರೆಗೂ ಕೇಳುವಂತೆ ಕೂಗುವ ಗಂಟೆಯನ್ನು ಸೇರಿಸಿದಳು. "ತಾನಾಗೇ ವಾಪಸು ತಿರುಗೋ ಹಾಗೆ ಮಾಡಮ್ಮಾ, ಸುಲಭ ಅಲ್ವಾ?" ಎಂದೆ. "ನಿಲ್ಲಿ ಅಂತ ಹೇಳೋಕೆ ಗಡಿಯಾರ ಒಂದೇ ಸಾಕು ಅಣ್ಣಾ. ರೈಲಿಗೆ ಹೋಗು ಅಂತ ಹೇಳೋಕೆ ಅದೊಂದೇ ಸಾಲದು, ಹಳಿ ಖಾಲಿ ಆಯ್ತಾ ಅಂತ ನೋಡೋ ಮನುಷ್ಯನೂ ಬೇಕು" ಎಂದಳು.

ಕಚೇರಿಯವರಿಗೆ ಅಷ್ಟು ಸಾಲಲಿಲ್ಲ. ಹಳಿಯನ್ನು ಹಿಡಿದಿಡುವ ಹೊತ್ತು ಜಾಸ್ತಿಯಾಯಿತು, ನಾಲ್ಕನ್ನು ಎರಡು ಮಾಡು, ಇಲ್ಲದಿದ್ದರೆ ಅಕ್ಟೋಬರ್ ಮುಗಿಯುವುದರೊಳಗೆ ಪೆಟ್ಟಿಗೆ ಕಿತ್ತು ಹಾಕು ಎಂದು ಇನ್ನೊಂದು ಕಾಗದ ಬಂತು. ಅವಳು ಆಗುವುದಿಲ್ಲ ಎಂದು ಎರಡು ಸಲ ಬರೆದಳು. ಇಲ್ಲಿ ನನ್ನ ಪಾಲು ಹೇಳಲೇಬೇಕು. ಎರಡು ಮಾಡಿ ಎಂದು ಊರವರ ಸಹಿ ಹಾಕಿಸಿ ಅರ್ಜಿ ಬರೆದವನು ನಾನು. ಹೊತ್ತವರ ಹೆಗಲು ನೋಯುತ್ತದೆ, ಮಳೆಯಲ್ಲಿ ಮುದುಕಿಯರು ನೆನೆಯುತ್ತಾರೆ ಎಂದೆಲ್ಲ ಬರೆದಿದ್ದೆ. ನಿಜವಾದ ಕಾರಣ ಬೇರೆ. ಇಡೀ ಊರಿನ ಮುಂದೆ ಒಂದು ಡಬ್ಬಿ ನನ್ನನ್ನು ಕಾಯಿಸುವುದನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ. ಒಂದು ಬಾಟಲಿ ಸಾರಾಯಿ ಹಿಡಿದುಕೊಂಡು ಅವಳ ಸ್ಟೇಷನ್ನಿಗೂ ಹೋದೆ.

"ಪ್ಯಾಸೆಂಜರ್ ಗಾಡಿ ಎರಡು ನಿಮಿಷಕ್ಕೆ ಮುಂಚೆನೇ ಗುರುತು ತುಳಿಯುತ್ತೆ ಅಂತ ನೀನೇ ಹೇಳಿದ್ದೆ."

"ಸರಕು ಗಾಡಿ ತುಳಿಯಲ್ಲ. ಅದಕ್ಕೆ ಮೂರೂವರೆ ಬೇಕು."

"ಹಗಲಲ್ಲಿ ಸರಕು ಗಾಡಿ ಎಲ್ಲಮ್ಮಾ ಇದೆ? ವೇಳಾಪಟ್ಟಿ ನನಗೆ ಬಾಯಿಪಾಠ. ಡಬ್ಬಿಯನ್ನೇ ಕಿತ್ಕೊಂಡು ಹೋದ್ರೆ ನಮ್ಮ ಸತ್ತವರು ಎಲ್ಲಿ ನಿಲ್ಬೇಕು? ಎರಡು ನಿಮಿಷದ ಡಬ್ಬಿ ಇರೋದು ವಾಸಿಯೋ, ಡಬ್ಬಿನೇ ಇಲ್ಲದ್ದು ವಾಸಿಯೋ?"

ಅವಳು ಬಾಟಲಿಯನ್ನು ನನ್ನ ಕಡೆಗೇ ತಳ್ಳಿದಳು. ಆ ಸೋಮವಾರ ಬಂದು ಪೆಟ್ಟಿಗೆ ತೆರೆದು ತಿರುಪು ತಿರುಗಿಸಿದಳು. "ಎರಡು ಮಾಡಿದೀನಿ" ಎಂದಷ್ಟೇ ಹೇಳಿ, ಆವತ್ತು ಊಟಕ್ಕೂ ನಿಲ್ಲದೆ ಹೋದಳು. ಅಗ್ಲಾಯಾ ನನ್ನ ಮೇಲೆ ರೇಗಿದಳು. "ಅವಳ ಮುಖ ನೋಡಿದ್ರಾ? ಗೆದ್ದೆ ಅಂತ ಮೀಸೆ ತಿರುವ್ಬೇಡಿ" ಎಂದಳು. ನಾನು ತಿರುವಿದೆ.

ಗುರುವಾರ ಬೆಳಿಗ್ಗೆ ಅಗ್ಲಾಯಾ ಕೋಳಿಗೆ ಜೋಳ ಹಾಕುತ್ತಿದ್ದಳು. ಹಾಗೇ ಕುಳಿತಳು. ನಾನು ಹತ್ತಿರ ಹೋಗುವಷ್ಟರಲ್ಲಿ ಇರಲಿಲ್ಲ.

ಶನಿವಾರ ಮಧ್ಯಾಹ್ನ ಅವಳನ್ನು ಎತ್ತಿಕೊಂಡು ಹೊರಟೆವು. ಸಿರೆತ್ ಕಡೆಯಿಂದ ಎದ್ದ ಮಂಜು ಬಯಲನ್ನೆಲ್ಲ ತುಂಬಿತ್ತು. ನಮ್ಮಲ್ಲಿ ಸ್ಮಶಾನದವರೆಗೆ ಪೆಟ್ಟಿಗೆ ತೆರೆದೇ ಇರುತ್ತದೆ; ಮುಂದೆ ಅದರ ಮುಚ್ಚಳ ಹೊತ್ತು ನಡೆಯುವವನ ಬೆನ್ನೇ ಸರಿಯಾಗಿ ಕಾಣುತ್ತಿರಲಿಲ್ಲ. ಗೇಟಿನ ಹತ್ತಿರ ಬಂದಾಗ ಕಂಬದ ಪಕ್ಕ ವೆತುರಿಯಾ ನಿಂತಿದ್ದಳು. ತಲೆಗೆ ಕಪ್ಪು ವಸ್ತ್ರ, ಬೂಟಿಗೆ ಮೊಣಕಾಲವರೆಗೆ ಕೆಸರು. ನಾನು ಯಾರನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಕೀಲಿ ತಿರುಗಿಸಿದೆ.

ಸೂಜಿ ಹೊರಟಿತು. ಹೊತ್ತವರು ಹೆಗಲು ಬದಲಿಸಿಕೊಂಡರು. ಒಂದು ನಿಮಿಷವಾಯಿತು. ಎರಡಾಯಿತು. ದೀಪ ಬರಲಿಲ್ಲ. ಸೂಜಿ ಎರಡನ್ನು ದಾಟಿ ಮುಂದೆ ತೆವಳುತ್ತಲೇ ಇತ್ತು.

"ಇದಕ್ಕೇನಾಯ್ತು? ದೀಪ ಎಲ್ಲಿ?"

"ಬೆಳಿಗ್ಗೆ ಬಂದು ಮತ್ತೆ ನಾಲ್ಕು ಮಾಡಿದೆ ಅಣ್ಣಾ" ಎಂದಳು ವೆತುರಿಯಾ.

ನನಗೆ ಲೋಕವೇ ಕೆಂಪಾಯಿತು. "ಎರಡು ಅಂದಿದ್ದೆಯಲ್ಲ! ನನ್ನ ಹೆಂಡತಿ ಹೆಣ ಹೆಗಲ ಮೇಲಿಟ್ಕೊಂಡು ಆಟ ಆಡ್ತಿದ್ದೀಯಾ?"

"ಇನ್ನು ಎರಡೇ ನಿಮಿಷ."

"ಒಂದು ಕ್ಷಣನೂ ಇಲ್ಲ. ಮೂರು ಇಪ್ಪತ್ತರ ತನಕ ಯಾವ ಗಾಡಿನೂ ಇಲ್ಲ ಅಂತ ಊರಿಗೇ ಗೊತ್ತು. ಏಯ್, ನಡೀರಿ!"

ಹೊತ್ತವರು ಪಾದ್ರಿ ಕೊಸ್ಮಾ ಅವರ ಮುಖ ನೋಡಿದರು. ಅವರು ಪುಸ್ತಕವನ್ನು ಎದೆಗೊತ್ತಿಕೊಂಡು ನನ್ನ ಮುಖ ನೋಡಿದರು. ಹೆಂಡತಿಯನ್ನು ಕಳೆದುಕೊಂಡವನಿಗೆ ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಎರಡು ಹೆಜ್ಜೆ ಇಟ್ಟೂ ಇಟ್ಟರು. ವೆತುರಿಯಾ ಓಡಿ ಹೋಗಿ ಹಳಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ಪೆಟ್ಟಿಗೆಗೆ ಅಡ್ಡ ನಿಂತಳು.

"ಬೇಡ ಅಣ್ಣಾ. ಬೈರಿ, ಹೊಡೀರಿ, ಆದ್ರೆ ನಿಲ್ಲಿ."

ಬೈದೆ. ಇಲ್ಲಿ ಬರೆಯಲಾಗದ ಮಾತುಗಳಲ್ಲಿ ಬೈದೆ. ತೋಳು ಹಿಡಿದು ಪಕ್ಕಕ್ಕೆ ತಳ್ಳಿಯೂ ತಳ್ಳಿದೆ. ಕೆಸರಿನಲ್ಲಿ ಜಾರಿದಳು, ಮತ್ತೆ ಬಂದು ಅಲ್ಲೇ ನಿಂತಳು.

ಆಗ ಗಂಟೆ ಹೊಡೆಯಿತು.

ಕೆಂಪು ದೀಪಗಳು ಹತ್ತಿ ಆರತೊಡಗಿದವು, ಕೋಲುಗಳು ಇಳಿದವು. ಗಾಜಿನ ಹಿಂದೆ ಮೂರೂವರೆಗೆ ಬಂದಿದ್ದ ಸೂಜಿ ಸೊನ್ನೆಗೆ ಬಿದ್ದಿತ್ತು. ಮೊದಲು ಪಾದದಡಿಯ ನೆಲ ನಡುಗಿತು, ಆಮೇಲೆ ಮಂಜಿನೊಳಗಿಂದ ಕಪ್ಪು ಇಂಜಿನು ಬಂತು. ಅದರ ಹಿಂದೆ ಬೀಟ್‌ಗೆಡ್ಡೆ ತುಂಬಿದ ಗೂಡ್ಸ್ ಡಬ್ಬಿಗಳು ಒಂದಾದ ಮೇಲೊಂದು ಬರುತ್ತಲೇ ಇದ್ದವು. ಆ ವರ್ಷ ಬೆಳೆ ಹೆಚ್ಚಾಗಿ ಸಕ್ಕರೆ ಕಾರ್ಖಾನೆಗೆ ವಿಶೇಷ ಗಾಡಿ ಬಿಟ್ಟಿದ್ದರಂತೆ. ವೇಳಾಪಟ್ಟಿಯಲ್ಲಿ ಇಲ್ಲದ ಗಾಡಿ. ನಾನು ಕೀಲಿ ತಿರುಗಿಸುವುದಕ್ಕೆ ಒಂದು ಉಸಿರು ಮುಂಚೆ ಹಸಿರು ನೋಡಿ ಸಿಗ್ನಲ್ ದಾಟಿತ್ತು. ಡ್ರೈವರನಿಗೆ ನಾವು ಕಾಣಲೇ ಇಲ್ಲ. ಕಂಡಿದ್ದರೂ ಅಷ್ಟು ಭಾರ ನಿಲ್ಲುವಂಥದಲ್ಲ.

ಮೂವತ್ನಾಲ್ಕು ಡಬ್ಬಿ ಎಣಿಸಿದೆ. ಎಣಿಸುತ್ತಲೇ ಇನ್ನೊಂದು ಲೆಕ್ಕ ತಲೆಯೊಳಗೆ ತಾನಾಗಿ ನಡೆಯುತ್ತಿತ್ತು. ಕಂಬದ ಪೆಟ್ಟಿಗೆಯಲ್ಲಿ ನಾನು ಕೇಳಿದ ಎರಡೇ ನಿಮಿಷ ಇದ್ದಿದ್ದರೆ ಎರಡಕ್ಕೇ ಬಿಳಿ ದೀಪ ಬರುತ್ತಿತ್ತು. ದೀಪ ಬಂದ ಮೇಲೆ ಗಂಟೆ ಹೊಡೆಯುವುದಿಲ್ಲ, ಕೋಲು ಇಳಿಯುವುದಿಲ್ಲ. ಅಗ್ಲಾಯಾಳನ್ನು ಹಳಿಗಳ ನಡುವೆ ಇಳಿಸಿರುತ್ತಿದ್ದೆವು. ಅವಳೇ ಕೈಯಾರೆ ನೇಯ್ದ ಪಟ್ಟಿ ಹಾಸಿರುತ್ತಿದ್ದೆವು. ಊರ ಮುದುಕಿಯರು ಮಂಡಿಯೂರಿರುತ್ತಿದ್ದರು. ಪಾದ್ರಿ ಓದುತ್ತಿರುತ್ತಿದ್ದರು. ನಾನು ಕಣ್ಣು ಮುಚ್ಚಿ ಹಾಡಲು ಸಿದ್ಧನಾಗಿ ನಿಂತಿರುತ್ತಿದ್ದೆ.

ಕೊನೆಯ ಡಬ್ಬಿ ಹೋಯಿತು. ಕೋಲು ಮೇಲೆದ್ದಿತು. ಕಂಬದ ಪೆಟ್ಟಿಗೆ ಇಪ್ಪತ್ತು ಸೆಕೆಂಡು ಸುಮ್ಮನಿತ್ತು, ಆಮೇಲೆ ಟಕ್ ಎಂದಿತು, ಸೂಜಿ ಸೊನ್ನೆಯಿಂದ ಹೊರಟಿತು. ಅಷ್ಟು ದೊಡ್ಡದು ಅದರ ಮುಂದೆಯೇ ಹಾದುಹೋಗಿದೆ, ಅರವತ್ತು ಜನರ ಜೀವ ಉಳಿದಿದೆ, ಅದಕ್ಕೆ ಅದೊಂದೂ ಗೊತ್ತಿಲ್ಲ. ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಪೂರ್ತಿ ನಾಲ್ಕು ನಿಮಿಷ ಎಣಿಸಲು ಶುರುಮಾಡಿತು. ತಲೆಯ ಟೋಪಿಯನ್ನು ಯಾವಾಗ ತೆಗೆದೆನೋ ತಿಳಿಯದು, ಕೈಯಲ್ಲಿತ್ತು.

ಹೊತ್ತವರು ಅಗ್ಲಾಯಾಳನ್ನು ರಸ್ತೆಯ ಬದಿಯ ಹುಲ್ಲಿನ ಮೇಲೆ ಮೆಲ್ಲನೆ ಇಳಿಸಿದರು. ನಾನು ಅವಳ ಪಕ್ಕದಲ್ಲಿ ಕುಳಿತೆ. ವೆತುರಿಯಾ ಕಂಬ ಹಿಡಿದುಕೊಂಡು ನಿಂತಿದ್ದಳು.

"ಎರಡು ಕೇಳಿದೋನು ನಾನು" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಅರ್ಜಿ ಬರೆದೋನೂ ನಾನೇ. ನೀನು ಯಾಕಮ್ಮಾ ವಾಪಸು ತಿರುಗಿಸಿದೆ?"

ಅವಳು ಕೆನ್ನೆಯ ಕೆಸರು ಒರೆಸಿಕೊಂಡಳು. "ಅಗ್ಲಾಯಾ ಅಕ್ಕ ಹೋದ್ರು ಅಂತ ನಿನ್ನೆ ಸುದ್ದಿ ಬಂತು. ಮಲಗಿದ್ರೆ ನಿದ್ದೆ ಹತ್ತಲಿಲ್ಲ. ನನಗೆ ಊಟ ಹಾಕಿದೋರು. ಅವರನ್ನ ಎರಡು ನಿಮಿಷ ನಂಬ್ಕೊಂಡು ಹಳಿ ಮೇಲೆ ಕಳಿಸೋಕೆ ಮನಸ್ಸು ಬರ್ಲಿಲ್ಲ. ಬೆಳಗಾಗ್ತಿದ್ದಂಗೆ ಸೈಕಲ್ ಹತ್ತಿ ಬಂದೆ."

ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ಬೇರೆ ಯಾರದ್ದಾದ್ರೂ ಆಗಿದ್ರೆ ಎರಡೇ ಬಿಟ್ಟಿರ್ತಿದ್ದೆ ಅಣ್ಣಾ. ಬಿಟ್ಟಿದ್ದೆನಲ್ಲ, ಸೋಮವಾರದಿಂದ ಇವತ್ತಿನ ತನಕ. ಅಷ್ಟರಲ್ಲಿ ಯಾರ ಹೆಣವೂ ಹಳಿ ದಾಟ್ಲಿಲ್ಲ, ನನ್ನ ಪುಣ್ಯ."

ಅವಳ ಕೈ ಹಿಡಿದು ನನ್ನ ಪಕ್ಕಕ್ಕೆ ಕೂರಿಸಿಕೊಂಡೆ. ನಮ್ಮಿಬ್ಬರ ಮುಂದೆ ಅಗ್ಲಾಯಾ, ಮುಖದ ಮೇಲೆ ಮಂಜಿನ ಹನಿ. ಅಂಗೈಯಿಂದ ಅದನ್ನು ಒರೆಸಿದೆ. ಮುದುಕಿಯರು ಅಳುವುದನ್ನೂ ನಿಲ್ಲಿಸಿದ್ದರು. ಅರವತ್ತು ಜನ ಒಂದು ಸೂಜಿಯನ್ನು ನೋಡುತ್ತ ನಿಂತಿದ್ದರು.

ಬಿಳಿ ದೀಪ ಬಂತು. ಪಾದ್ರಿ ಕೊಸ್ಮಾ ಬಂದು ನನ್ನ ಹೆಗಲು ಮುಟ್ಟಿದರು. "ಏಳಪ್ಪಾ ಇಫ್ತಿಮಿ, ದೀಪ ಬಂತು. ಹೊರಡೋಣ."

"ಇನ್ನೊಂದು ನಿಮಿಷ ಇರ್ಲಿ" ಎಂದೆ.